ಹೆಸರು ಸೇರಿಸುವುದು ಸುಲಭ, ಉಳಿಸಿಕೊಳ್ಳುವುದೇ ಕಷ್ಟ: ದಾವಣಗೆರೆ ಜಿಲ್ಲಾ ಚುನಾವಣಾಧಿಕಾರಿಗಳಿಗೆ ಬಹಿರಂಗ ಪತ್ರ

ಗೆ,
ಜಿಲ್ಲಾ ಚುನಾವಣಾಧಿಕಾರಿಗಳೂ ಆದ ಮಾನ್ಯ ಜಿಲ್ಲಾಧಿಕಾರಿಗಳು, ದಾವಣಗೆರೆ.
ಪ್ರತಿ: ಚಿತ್ರದುರ್ಗದ ಜಿಲ್ಲಾ ಚುನಾವಣಾಧಿಕಾರಿಗಳಿಗೆ, ಹಾಗೂ ಎರಡೂ ಜಿಲ್ಲೆಗಳ ಮತದಾರರ ಗಮನಕ್ಕೆ.

ವಿಷಯ: ಮನೆ ಬದಲಿಸಿದವರ ಮತ ಪಟ್ಟಿಯಲ್ಲಿ ಉಳಿಯುವಂತೆ ಮಾಡುವ ಬಗ್ಗೆ.

ಮಾನ್ಯರೇ,

ಹದಿನೆಂಟು ತುಂಬಿ, ಅಪ್ಪ ಅಮ್ಮನ ಮನೆಯಲ್ಲೇ ಇರುವ ಹುಡುಗಿಗೆ ಮತದಾರರ ಪಟ್ಟಿ ಸೇರುವುದು ದಾವಣಗೆರೆಯಲ್ಲಿ ಕಷ್ಟದ ಕೆಲಸವಲ್ಲ. ನಮೂನೆ 6, ಬಿಳಿ ಹಿನ್ನೆಲೆಯ ಒಂದು ಫೋಟೊ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅಪ್ಪನ ಹೆಸರಿನಲ್ಲಿರುವ ಬೆಸ್ಕಾಂ ಬಿಲ್ಲು ಇದ್ದರೆ ಸಾಕು. ಮೊಬೈಲಿನಲ್ಲೇ ಮುಗಿಯುತ್ತದೆ, ಕಾಸಿನ ಖರ್ಚಿಲ್ಲ. 2022ರ ಆಗಸ್ಟ್‌ವರೆಗೆ ಜನವರಿ 1 ಒಂದೇ ಅರ್ಹತಾ ದಿನಾಂಕವಾಗಿತ್ತು. ಜನವರಿ 2ರಂದು ಹದಿನೆಂಟು ತುಂಬಿದವರು ವರ್ಷವಿಡೀ ಕಾಯಬೇಕಿತ್ತು. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಒಂದನೇ ತಾರೀಖು, ಹೀಗೆ ನಾಲ್ಕು ದಿನಾಂಕಗಳಿವೆ. ಹದಿನೇಳು ತುಂಬಿದ ಮೇಲೆ ಮುಂಗಡವಾಗಿಯೇ ಅರ್ಜಿ ಹಾಕಿಟ್ಟುಕೊಳ್ಳಬಹುದು.

ಕಷ್ಟ ಶುರುವಾಗುವುದು ಅದೇ ಹುಡುಗಿ ಮನೆ ಬದಲಿಸಿದ ಮೇಲೆ. ಹಾಸ್ಟೆಲ್ಲಿಗೆ ಹೋದಳು, ಮದುವೆಯಾಗಿ ಹರಿಹರಕ್ಕೆ ಹೋದಳು, ಬಾಡಿಗೆ ಮನೆ ಹಿಡಿದಳು, ಅಥವಾ ದುಡಿಯಲು ಗಂಡನ ಜೊತೆ ಬೆಂಗಳೂರಿಗೆ ಹೊರಟಳು. ಹಳೇ ಬೂತಿನಲ್ಲಿ ಹೆಸರು ಹೋಗುತ್ತದೆ, ಹೊಸ ಬೂತಿಗೆ ಬರುವುದಿಲ್ಲ. ಮತದಾನದ ದಿನ ಕೈಯಲ್ಲಿ ಕಾರ್ಡು ಇರುತ್ತದೆ, ಪಟ್ಟಿಯಲ್ಲಿ ಹೆಸರಿರುವುದಿಲ್ಲ. ಕಾನೂನಿನ ಪ್ರಕಾರ ಮತ ಸಿಗುವುದು ಪಟ್ಟಿಯಲ್ಲಿರುವ ಹೆಸರಿಗೇ ಹೊರತು ಕಾರ್ಡಿಗಲ್ಲ. ಹೆಸರಿದ್ದು ಕಾರ್ಡಿಲ್ಲದಿದ್ದರೆ ಆಧಾರ್, ನರೇಗಾ ಜಾಬ್ ಕಾರ್ಡ್, ಫೋಟೊ ಇರುವ ಪಾಸ್‌ಬುಕ್, ಡ್ರೈವಿಂಗ್ ಲೈಸೆನ್ಸ್ ಮುಂತಾದ ಯಾವುದಾದರೂ ಒಂದು ದಾಖಲೆ ತೋರಿಸಿ ಓಟು ಹಾಕಬಹುದು. ಕಾರ್ಡಿದ್ದು ಹೆಸರಿಲ್ಲದಿದ್ದರೆ ಆ ದಿನ ಯಾರೂ ಏನೂ ಮಾಡುವಂತಿಲ್ಲ.

ಜನ ಊರು ಬಿಟ್ಟು ಊರಿಗೆ ಹೋದಾಗ ಪಟ್ಟಿ ಸರಿಪಡಿಸುವ ಹೊಣೆ ಯಾರದು? ಬೇರೆ ಬೇರೆ ದೇಶಗಳು ಇದಕ್ಕೆ ಬೇರೆ ಬೇರೆ ಉತ್ತರ ಕಂಡುಕೊಂಡಿವೆ. ಸ್ವೀಡನ್ನಿನಲ್ಲಿ ಮತಕ್ಕೆಂದೇ ಅರ್ಜಿಯಿಲ್ಲ. ಮನೆ ಬದಲಿಸಿದವರು ತೆರಿಗೆ ಇಲಾಖೆ ಇಟ್ಟುಕೊಂಡಿರುವ ಜನಸಂಖ್ಯಾ ದಾಖಲೆಗೆ ಹೊಸ ವಿಳಾಸ ತಿಳಿಸುತ್ತಾರೆ. ಚುನಾವಣೆಗೆ 30 ದಿನ ಮುಂಚೆ ಆ ದಾಖಲೆಯಿಂದಲೇ ಮತದಾರರ ಪಟ್ಟಿ ತಯಾರಾಗಿ, ಮತದ ಚೀಟಿ ಅಂಚೆಯಲ್ಲಿ ಮನೆಗೆ ಬರುತ್ತದೆ. ಮತದಾನಕ್ಕೆ 18 ದಿನ ಇರುವಾಗಿನಿಂದ ದೇಶದ ಯಾವುದೇ ಮುಂಗಡ ಕೇಂದ್ರದಲ್ಲಿ ಓಟು ಹಾಕಬಹುದು. ಆಮೇಲೆ ಮನಸ್ಸು ಬದಲಾದರೆ ಮತದಾನದ ದಿನ ತಮ್ಮ ಬೂತಿಗೇ ಹೋಗಿ ಮತ್ತೆ ಹಾಕಬಹುದು, ಮೊದಲಿನದು ರದ್ದಾಗುತ್ತದೆ. ಜರ್ಮನಿಯಲ್ಲೂ ಹೆಚ್ಚುಕಡಿಮೆ ಇದೇ ಕ್ರಮ: 42 ದಿನ ಮುಂಚಿನ ವಿಳಾಸ ನೋಂದಣಿಯೇ ಆಧಾರ, ಮೂರು ವಾರ ಇರುವಾಗ ಸೂಚನಾ ಪತ್ರ ಕೈಸೇರಬೇಕು, ಸೇರದಿದ್ದರೆ ಪಟ್ಟಿ ನೋಡಿ ತಕರಾರು ಹಾಕಲು ಗೊತ್ತಾದ ದಿನಗಳಿವೆ. ಇದೆಲ್ಲ ಸಾಧ್ಯವಾಗಿರುವುದು ಅಲ್ಲಿ ವಿಳಾಸ ನೋಂದಣಿ ಕಡ್ಡಾಯವಾಗಿರುವುದರಿಂದ. ನಮ್ಮಲ್ಲಿ ಅದಿಲ್ಲ, ಬೇಕೆಂದು ನಾವು ಕೇಳುತ್ತಲೂ ಇಲ್ಲ. ಹಾಗಾಗಿ ಸ್ವೀಡನ್ನನ್ನು ತೋರಿಸಿ ನಮ್ಮ ಚುನಾವಣಾ ಶಾಖೆಯನ್ನು ಹೀಗಳೆಯುವುದು ನ್ಯಾಯವಲ್ಲ.

ಹೊಣೆಯನ್ನೆಲ್ಲ ಮತದಾರನ ತಲೆಗೇ ಕಟ್ಟುವ ದೇಶಗಳೂ ಇವೆ. ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ಟೆಕ್ಸಾಸ್‌ನಲ್ಲಿ ಮತದಾನಕ್ಕೆ 30 ದಿನ ಇರುವಾಗಲೇ ನೋಂದಣಿ ಮುಗಿದಿರಬೇಕು. ಮಿನ್ನೆಸೋಟದಲ್ಲಿ ಮತದಾನದ ದಿನ ಬೂತಿನಲ್ಲೇ ನೋಂದಾಯಿಸಬಹುದು. ನಾರ್ತ್ ಡಕೋಟದಲ್ಲಿ ನೋಂದಣಿಯೇ ಇಲ್ಲ, ಗುರುತಿನ ದಾಖಲೆ ತೋರಿಸಿದರೆ ಆಯಿತು. ಮತದಾನ ಮಂಗಳವಾರ ನಡೆಯುತ್ತದೆ, ದೇಶಕ್ಕೆಲ್ಲ ರಜೆಯೂ ಇಲ್ಲ. ಬ್ರೆಜಿಲ್‌ನಲ್ಲಿ 18ರಿಂದ 70 ವರ್ಷದವರಿಗೆ ಮತದಾನ ಕಡ್ಡಾಯ, ಆದರೆ ನೋಂದಣಿ ಸುಮಾರು ಐದು ತಿಂಗಳು ಮುಂಚೆಯೇ ಬಂದ್. ದಕ್ಷಿಣ ಆಫ್ರಿಕಾದಲ್ಲಿ ಚುನಾವಣೆಯ ದಿನಾಂಕವನ್ನು ಅಧಿಕೃತವಾಗಿ ಘೋಷಿಸಿದ ದಿನವೇ ಪಟ್ಟಿ ಮುಚ್ಚುತ್ತದೆ. ಬ್ರಿಟನ್ನಿನಲ್ಲಿ ಆನ್‌ಲೈನ್ ಅರ್ಜಿ ಐದೇ ನಿಮಿಷದ ಕೆಲಸ, ಕೊನೆಯ ದಿನ ಮತದಾನಕ್ಕೆ 12 ಕೆಲಸದ ದಿನ ಮುಂಚೆ. ಆದರೆ 2023ರಿಂದ ಬೂತಿನಲ್ಲಿ ಫೋಟೊ ಇರುವ ಗುರುತಿನ ದಾಖಲೆ ಕೇಳತೊಡಗಿದ್ದಾರೆ. ಇವುಗಳ ಪಕ್ಕದಲ್ಲಿಟ್ಟು ನೋಡಿದರೆ ನಮ್ಮ ಕಾನೂನು ಉದಾರವಾದದ್ದೇ. ನಾಮಪತ್ರ ಸಲ್ಲಿಕೆಯ ಕೊನೆಯ ದಿನದವರೆಗೂ ಪಟ್ಟಿ ತೆರೆದಿರುತ್ತದೆ. ಅರ್ಜಿಯನ್ನು ಏಳು ದಿನ ಆಕ್ಷೇಪಣೆಗೆ ಇಡಬೇಕಾದ್ದರಿಂದ ಆ ಕೊನೆಯ ದಿನಕ್ಕಿಂತ ಹತ್ತು ದಿನ ಮುಂಚೆ ಕೊಟ್ಟರೆ ದಡ ಸೇರುತ್ತದೆ. ಬಿಎಲ್‌ಒ (ಬೂತ್ ಮಟ್ಟದ ಅಧಿಕಾರಿ) ಮನೆ ಬಾಗಿಲಿಗೇ ಬರುವ ಏರ್ಪಾಡು ಅಮೆರಿಕದವರಿಗೆ ಕನಸಿನಲ್ಲೂ ಇಲ್ಲ.

ನಾವು ಕಲಿಯಬೇಕಾದ್ದು ಇವೆರಡರ ನಡುವೆ ಇರುವ ಕೆನಡಾ, ಆಸ್ಟ್ರೇಲಿಯಾಗಳಿಂದ. ಕೆನಡಾದಲ್ಲಿ ಆದಾಯ ತೆರಿಗೆಯ ಫಾರಂನಲ್ಲಿ ಒಂದು ಚೌಕಕ್ಕೆ ಗುರುತು ಹಾಕಿದರೆ ಹೊಸ ವಿಳಾಸ ಚುನಾವಣಾ ಕಚೇರಿಗೆ ತಾನಾಗಿ ಹೋಗುತ್ತದೆ. ಅದೂ ತಪ್ಪಿದರೆ ಮತದಾನದ ದಿನ ಬೂತಿನಲ್ಲೇ ಹೆಸರು ಸೇರಿಸಿಕೊಳ್ಳುತ್ತಾರೆ. ದಾಖಲೆ ಏನೂ ಇಲ್ಲದವರು ತಮ್ಮ ಗುರುತು, ವಿಳಾಸವನ್ನು ಲಿಖಿತವಾಗಿ ಘೋಷಿಸಿ, ಅದೇ ಬೂತಿನ ಪರಿಚಯಸ್ಥ ಮತದಾರರೊಬ್ಬರಿಂದ ಖಾತ್ರಿ ಕೊಡಿಸಬಹುದು. ಆಸ್ಟ್ರೇಲಿಯಾದಲ್ಲಿ 2012ರಿಂದ ಬೇರೆ ಸರ್ಕಾರಿ ಇಲಾಖೆಗಳ ಮಾಹಿತಿ ನೋಡಿ ಚುನಾವಣಾ ಆಯೋಗವೇ ವಿಳಾಸ ಬದಲಿಸುತ್ತದೆ, ಆದರೆ ಮೊದಲು ಆ ವ್ಯಕ್ತಿಗೆ ಪತ್ರ ಬರೆದು ತಿಳಿಸುತ್ತದೆ. ಕೊನೆಯ ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದೆ ಕೇಳುವುದಕ್ಕೆಲ್ಲ ಅದೇ ಬೇರು.

ಈಗ ನಮ್ಮ ಜಿಲ್ಲೆಯ ವಿಷಯ. ಮನೆ ಬದಲಿಸಿದವರು ತುಂಬಬೇಕಾದ್ದು ನಮೂನೆ 8. ಸ್ಥಳಾಂತರ, ತಿದ್ದುಪಡಿ, ಕಾರ್ಡಿನ ಬದಲಿ ಪ್ರತಿ, ಅಂಗವೈಕಲ್ಯದ ನಮೂದು, ಈ ನಾಲ್ಕಕ್ಕೂ ಒಂದೇ ಫಾರಂ. ಹಳೆಯ ನಮೂನೆ 8ಎ ಈಗಿಲ್ಲ. ಆದರೂ ಕೆಲವು ಜೆರಾಕ್ಸ್ ಅಂಗಡಿಗಳಲ್ಲಿ ಇನ್ನೂ ಅದನ್ನೇ ಮಾರುತ್ತಾರೆ. ಅತಿ ಹೆಚ್ಚು ಆಗುವ ತಪ್ಪೆಂದರೆ, ಸ್ಥಳಾಂತರಕ್ಕೆ ನಮೂನೆ 6 ತುಂಬುವುದು. ನಮೂನೆ 6 ಮೊದಲ ಸಲ ಹೆಸರು ಸೇರಿಸುವವರಿಗೆ ಮಾತ್ರ. ಅದರ ಘೋಷಣೆಗೆ ಸಹಿ ಹಾಕಿದರೆ ಎರಡು ಕಡೆ ಹೆಸರು ಬಂದು, 1950ರ ಪ್ರಜಾಪ್ರತಿನಿಧಿ ಕಾಯ್ದೆಯ 17 ಮತ್ತು 18ನೇ ಕಲಮಿನ ಉಲ್ಲಂಘನೆಯಾಗುತ್ತದೆ. 31ನೇ ಕಲಮಿನಡಿ ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಬಹುತೇಕರು ಮೋಸದ ಉದ್ದೇಶದಿಂದ ಹೀಗೆ ಮಾಡುವುದಿಲ್ಲ. 'ಹೊಸ ಮನೆ, ಹೊಸ ಕಾರ್ಡು' ಎಂದು ತಿಳಿದಿರುತ್ತಾರೆ. ನಮೂನೆ 8ರಲ್ಲಿ ಹಳೇ ಎಪಿಕ್ (ಮತದಾರರ ಗುರುತಿನ ಕಾರ್ಡ್) ಸಂಖ್ಯೆ ಬರೆದರೆ ಅದೇ ಸಂಖ್ಯೆ ಹೊಸ ವಿಳಾಸಕ್ಕೆ ಹೋಗುತ್ತದೆ, ಹಳೇ ಕಡೆಯ ಹೆಸರು ತಾನಾಗಿ ಕಳಚುತ್ತದೆ. ದಾವಣಗೆರೆ ಉತ್ತರ, ದಕ್ಷಿಣ ಎಂದು ಎರಡು ವಿಧಾನಸಭಾ ಕ್ಷೇತ್ರಗಳಿರುವುದರಿಂದ ಊರೊಳಗೇ ನಾಲ್ಕು ರಸ್ತೆ ಆಚೆ ಹೋದರೂ ಕ್ಷೇತ್ರ ಬದಲಾಗಿರಬಹುದು. ಫಾರಂನಲ್ಲಿ 'ಕ್ಷೇತ್ರದೊಳಗೆ' ಮತ್ತು 'ಕ್ಷೇತ್ರದ ಹೊರಗೆ' ಎಂಬ ಆಯ್ಕೆಗಳಲ್ಲಿ ಸರಿಯಾದುದಕ್ಕೆ ಗುರುತು ಹಾಕುವ ಮುನ್ನ ಇದನ್ನು ನೋಡಿಕೊಳ್ಳಬೇಕು.

ಬಾಡಿಗೆದಾರರಿಗೆ ದೊಡ್ಡ ತೊಡಕು ವಿಳಾಸದ ದಾಖಲೆ. ಫಾರಂನಲ್ಲಿ ಹೇಳಿರುವುದು ನೋಂದಾಯಿತ ಬಾಡಿಗೆ ಕರಾರು. ನಮ್ಮೂರಿನ ಕರಾರುಗಳೆಲ್ಲ ಹನ್ನೊಂದು ತಿಂಗಳವು, ಛಾಪಾ ಕಾಗದದ ಮೇಲೆ ನೋಟರಿ ಸಹಿ ಇರುವಂಥವು. ಒಂದು ವರ್ಷ ದಾಟಿದರೆ ನೋಂದಣಿ ಕಡ್ಡಾಯ, ಅದರ ಖರ್ಚು ತಪ್ಪಿಸಲೆಂದೇ ಹನ್ನೊಂದು ತಿಂಗಳು. ಕರೆಂಟು ಬಿಲ್ಲು, ನೀರಿನ ಬಿಲ್ಲು ಎರಡೂ ಮನೆ ಮಾಲೀಕರ ಹೆಸರಿನಲ್ಲಿ. ಉಳಿದದ್ದು ಆಧಾರ್, ಬ್ಯಾಂಕ್ ಪಾಸ್‌ಬುಕ್. ಅವೆರಡರಲ್ಲೂ ಊರಿನ ವಿಳಾಸವೇ ಇರುತ್ತದೆ. ಇಲ್ಲಿಗೆ ದಾರಿ ಮುಚ್ಚಿತು ಎಂದು ಜನ ಕೈಬಿಡುತ್ತಾರೆ, ಸಿಬ್ಬಂದಿಯಲ್ಲೂ ಕೆಲವರು ಹಾಗೇ ಹೇಳಿ ಕಳಿಸುತ್ತಾರೆ. ಆದರೆ ಫಾರಂ ಹಾಗೆ ಹೇಳುವುದಿಲ್ಲ. ಪಟ್ಟಿಯಲ್ಲಿರುವ ಯಾವ ದಾಖಲೆಯೂ ಇಲ್ಲದಿದ್ದರೆ ಬೇರೊಂದು ದಾಖಲೆ ಕೊಡಬಹುದು, ಆಗ ಬಿಎಲ್‌ಒ ಸ್ಥಳ ಪರಿಶೀಲನೆ ಮಾಡಲೇಬೇಕು. ಅಂದರೆ ಹನ್ನೊಂದು ತಿಂಗಳ ಕರಾರು, ಅಡುಗೆ ಅನಿಲದ ಪುಸ್ತಕ ಅಥವಾ ಮನೆಗೆ ಬಂದ ಅಂಚೆ ಇಟ್ಟು ಅರ್ಜಿ ಹಾಕಿದರೆ ಅದನ್ನು ಮೇಜಿನ ಮೇಲೇ ತಿರಸ್ಕರಿಸುವಂತಿಲ್ಲ. ಸೂರಿಲ್ಲದವರಿಗಂತೂ ದಾಖಲೆಯೇ ಬೇಡ. ಅವರು ಮಲಗುವ ಜಾಗಕ್ಕೆ ಬಿಎಲ್‌ಒ ರಾತ್ರಿ ಹೋಗಿ ನೋಡಿ ದೃಢಪಡಿಸಬೇಕೆಂದು ಆಯೋಗದ ಸೂಚನೆಯೇ ಇದೆ. ಬಾಡಿಗೆದಾರರ, ಸೂರಿಲ್ಲದವರ ಕುರಿತ ಈ ಎರಡು ನಿಯಮಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ತಾಲ್ಲೂಕು ಕಚೇರಿ, ಪಾಲಿಕೆಯ ವಲಯ ಕಚೇರಿಗಳ ಗೋಡೆಗೆ ಅಂಟಿಸಬೇಕೆಂದು ಕೋರುತ್ತೇವೆ. ಅದಕ್ಕೆ ಹೊಸ ಆದೇಶ, ಅನುದಾನ ಯಾವುದೂ ಬೇಡ.

ವಿದ್ಯಾರ್ಥಿಗಳ ಸಂಗತಿ ಇನ್ನೂ ಸುಲಭ, ಆದರೂ ಯಾರಿಗೂ ಗೊತ್ತಿಲ್ಲ. ಎಂಜಿನಿಯರಿಂಗ್, ಮೆಡಿಕಲ್ ಓದಲು ದಾವಣಗೆರೆಗೆ ಬಂದವರು ಮನೆಯ ವಿಳಾಸದಲ್ಲಾದರೂ ಹಾಸ್ಟೆಲ್ ವಿಳಾಸದಲ್ಲಾದರೂ ಹೆಸರು ಇಟ್ಟುಕೊಳ್ಳಬಹುದು, ಎರಡರಲ್ಲಿ ಒಂದು ಕಡೆ ಮಾತ್ರ. ಕೋರ್ಸ್ ಒಂದು ವರ್ಷಕ್ಕೆ ಕಡಿಮೆಯದಾಗಿರಬಾರದು, ಪ್ರಾಂಶುಪಾಲರ ದೃಢೀಕರಣ ಬೇಕು, ಅಷ್ಟೇ. ಪ್ರವೇಶದ ಹೊತ್ತಿನಲ್ಲಿ ಕಾಲೇಜು ಕಚೇರಿಯಲ್ಲೇ ನಮೂನೆ 6 ಮತ್ತು 8 ಇಟ್ಟು, ದೃಢೀಕರಣ ಪತ್ರವನ್ನು ಅಲ್ಲೇ ಕೊಟ್ಟರೆ ವರ್ಷಾಂತ್ಯದ ಪರಿಷ್ಕರಣೆಗೆ ಮುಂಚೆಯೇ ಅರ್ಧ ಕೆಲಸ ಮುಗಿದಿರುತ್ತದೆ. ರಾಷ್ಟ್ರೀಯ ಮತದಾರರ ದಿನದಂದು ಪ್ರತಿಜ್ಞೆ ಬೋಧಿಸಿ ಫೋಟೊ ತೆಗೆಸಿಕೊಳ್ಳುವುದಕ್ಕಿಂತ ಇದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಆನ್‌ಲೈನ್ ಅರ್ಜಿಯಲ್ಲಿ ಕೆಡುವುದು ಹೆಚ್ಚಾಗಿ ಹೆಸರು. ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಕನ್ನಡದ ಹೆಸರು ತಾನಾಗಿ ಮೂಡುತ್ತದೆ, ಮೂಡಿದ್ದು ಸರಿಯಿದೆಯೇ ಎಂದು ನೋಡುವವರು ಕಡಿಮೆ. ತಿಪ್ಪೇಸ್ವಾಮಿ 'ಥಿಪ್ಪೇಸ್ವಾಮಿ' ಆಗುತ್ತಾನೆ, ಕೊಟ್ರೇಶ 'ಕೋಟ್ರೆಶ್' ಆಗುತ್ತಾನೆ, ಓಬಳೇಶ 'ಒಬಲೇಶ್' ಆಗುತ್ತಾನೆ. ನಾಯಕನಹಟ್ಟಿ, ಕೊಟ್ಟೂರು ಸೀಮೆಯ ಹೆಸರುಗಳು ಯಂತ್ರಕ್ಕೇನು ಗೊತ್ತು! ನಗಲು ಚೆನ್ನಾಗಿದೆ, ಆದರೆ ಮುಂದೆ ಹೆಸರು ಹುಡುಕಿದರೆ ಸಿಗುವುದಿಲ್ಲ, ಆಧಾರ್ ಜೊತೆ ತಾಳೆಯಾಗುವುದಿಲ್ಲ, ತೀವ್ರ ಪರಿಷ್ಕರಣೆ (ಇಡೀ ಪಟ್ಟಿಯನ್ನು ಹೊಸದಾಗಿ ತಯಾರಿಸುವ ಕೆಲಸ) ಬಂದಾಗ ಹಳೇ ಪಟ್ಟಿಯ ಹೆಸರಿಗೂ ಇದಕ್ಕೂ ಹೊಂದುವುದಿಲ್ಲ. ಅರ್ಜಿದಾರರು ಸಲ್ಲಿಸುವ ಮುನ್ನ ಕನ್ನಡದ ಚೌಕವನ್ನು ಕೈಯಾರೆ ತಿದ್ದಬೇಕು, ಇನಿಷಿಯಲ್ ಎಲ್ಲ ದಾಖಲೆಗಳಲ್ಲೂ ಒಂದೇ ಕಡೆ ಇರುವಂತೆ ನೋಡಿಕೊಳ್ಳಬೇಕು. ಫೋಟೊ, ದಾಖಲೆಗಳ ಫೈಲು 2 ಎಂಬಿ ಮೀರಬಾರದು. ಮನೆ ಸಂಖ್ಯೆ ಬರೆಯುವಾಗ ಪಾಲಿಕೆಯ ಹಳೇ ಡೋರ್ ನಂಬರು, ಹೊಸ ಡೋರ್ ನಂಬರು ಎರಡನ್ನೂ, ಜೊತೆಗೆ ಒಂದು ಗುರುತನ್ನೂ ಬರೆದರೆ ಬಿಎಲ್‌ಒ ಅಲೆಯುವುದು ತಪ್ಪುತ್ತದೆ. 'ವಿಳಾಸದಲ್ಲಿ ಸಿಗಲಿಲ್ಲ' ಎಂಬ ಷರಾದ ಹಿಂದೆ ಎಷ್ಟೋ ಸಲ ಇರುವುದು ಇಷ್ಟೇ: ಹಗಲು ಹನ್ನೊಂದಕ್ಕೆ ಬಿಎಲ್‌ಒ ಬಂದಾಗ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗಿರುತ್ತಾರೆ, ಗೊತ್ತಿಲ್ಲದ ನಂಬರಿನ ಕರೆಯನ್ನು ಯಾರೂ ಎತ್ತುವುದಿಲ್ಲ. ಮಂಡಕ್ಕಿ ಭಟ್ಟಿಗಳ ಕಡೆ, ಬಟ್ಟೆ ಅಂಗಡಿಯಲ್ಲಿ ದುಡಿಯುವವರು ಬಾಡಿಗೆಗಿರುವ ಕೇರಿಗಳಲ್ಲಿ, ಪರಿಶೀಲನೆ ಸಂಜೆ ಏಳರ ಮೇಲೆ ಅಥವಾ ಭಾನುವಾರ ನಡೆಯಬೇಕು. ಅಂಗನವಾಡಿ ಕಾರ್ಯಕರ್ತೆಯೂ ಆದ ಬಿಎಲ್‌ಒ ಮೇಲೆ ಇದು ಇನ್ನೊಂದು ಹೊರೆ ಎಂಬುದು ಗೊತ್ತಿದೆ. ಆ ದಿನಗಳಿಗೆ ಬದಲಿ ರಜೆ ಕೊಡುವುದು ತಮ್ಮ ಕೈಯಲ್ಲಿದೆ.

ಇನ್ನು ಹೆಸರು ತೆಗೆಯುವ ವಿಷಯ. ನಮ್ಮ ಮುಖ್ಯ ತಕರಾರು ಇರುವುದೇ ಇಲ್ಲಿ. 1950ರ ಕಾಯ್ದೆಯ 20ನೇ ಕಲಂ ಸ್ಪಷ್ಟವಾಗಿದೆ: ಒಬ್ಬರು ತಾತ್ಕಾಲಿಕವಾಗಿ ಊರು ಬಿಟ್ಟಿದ್ದಾರೆ ಎಂಬ ಕಾರಣಕ್ಕೇ ಅವರು ಅಲ್ಲಿನ ವಾಸಿಗಳಲ್ಲ ಎನ್ನುವಂತಿಲ್ಲ. ಜಗಳೂರು, ಮೊಳಕಾಲ್ಮೂರು ಕಡೆಯವರು ಮಳೆ ಕೈಕೊಟ್ಟ ವರ್ಷ ಕಾಫಿ ತೋಟಗಳಿಗೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗಿ ಕೆಲವು ತಿಂಗಳ ಮೇಲೆ ಮರಳುತ್ತಾರೆ. ಆ ಹೊತ್ತಿಗೆ ಮನೆಗೆ ಬೀಗ ಕಂಡರೆ 'ಸ್ಥಳಾಂತರ' ಎಂದು ಬರೆದುಬಿಡುವುದು ಕಾನೂನಿಗೆ ವಿರುದ್ಧ. ವಾಸ ಬಿಟ್ಟಿದ್ದಾರೆ ಎಂದು ಹೆಸರು ತೆಗೆಯುವ ಮುನ್ನ ಅವರ ಮಾತು ಕೇಳಲು ತಕ್ಕ ಅವಕಾಶ ಕೊಡಬೇಕೆಂದು 22ನೇ ಕಲಂ ಹೇಳುತ್ತದೆ. ಬೀಗ ಹಾಕಿದ ಬಾಗಿಲಿಗೆ ನೋಟಿಸು ಸಿಕ್ಕಿಸಿ ಬಂದರೆ ಅವಕಾಶ ಕೊಟ್ಟಂತಾಗದು; ಪಟ್ಟಿಗೆ ಜೋಡಿಸಿರುವ ಮೊಬೈಲಿಗೆ ಸಂದೇಶ ಹೋಗಬೇಕು, ಅಕ್ಕಪಕ್ಕದ ಇಬ್ಬರ ಹೇಳಿಕೆ ಬರೆದುಕೊಳ್ಳಬೇಕು.

ಬೇರೆಯವರ ಹೆಸರಿಗೆ ನಮೂನೆ 7ರಲ್ಲಿ ಆಕ್ಷೇಪಣೆ ಹಾಕುವವರು ಅದೇ ಕ್ಷೇತ್ರದ ಮತದಾರರಾಗಿರಬೇಕು. ಇದರ ದುರುಪಯೋಗ ಊಹೆಯ ಮಾತಲ್ಲ. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದಲ್ಲಿ ಹೆಸರು ತೆಗೆಯಲು 6,018 ಆನ್‌ಲೈನ್ ಅರ್ಜಿಗಳು ಬಂದಿದ್ದವು. ಪರಿಶೀಲಿಸಿದಾಗ ಸರಿಯಾಗಿದ್ದವು 24 ಮಾತ್ರ. ಅಲ್ಲಿ ಅದು ಬೆಳಕಿಗೆ ಬಂದದ್ದು ಸ್ಥಳೀಯರ ಕಣ್ಣಿಗೆ ಬಿದ್ದದ್ದರಿಂದ. ಕಣ್ಣಿಗೆ ಬೀಳಬೇಕಾದರೆ ಪಟ್ಟಿ ಹೊರಗಿರಬೇಕು. ಬಂದ ಅರ್ಜಿಗಳ ನಮೂನೆ 9, 10, 11ರ ಪಟ್ಟಿಗಳು ಈಗಲೂ ತಯಾರಾಗುತ್ತವೆ, ಪಕ್ಷಗಳಿಗೆ ಹೋಗುತ್ತವೆ. ಅವನ್ನು ಪ್ರತಿ ವಾರ ಬೂತ್ ಇರುವ ಶಾಲೆಯ ಗೋಡೆಗೂ ವಾರ್ಡಿನ ವಾಟ್ಸಾಪ್ ಗುಂಪುಗಳಿಗೂ ಹಾಕಿಸಿ. ತೆಗೆದ ಹೆಸರುಗಳ ಪಟ್ಟಿಯನ್ನು ಮೃತ, ಸ್ಥಳಾಂತರ, ಎರಡು ಕಡೆ ಹೆಸರು ಎಂಬ ಕಾರಣದೊಂದಿಗೆ, ಬೂತ್‌ವಾರು ಪ್ರಕಟಿಸಿ. ಬಿಹಾರದಲ್ಲಿ 2025ರ ಆಗಸ್ಟ್ 1ರ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರು ಬಿಟ್ಟುಹೋದಾಗ, ಕಾರಣಸಹಿತ ಪಟ್ಟಿ ಪ್ರಕಟಿಸಲು ಸುಪ್ರೀಂ ಕೋರ್ಟ್ ಆಗಸ್ಟ್ 14ರಂದು ಹೇಳಿತು. ಕೋರ್ಟು ಹೇಳುವ ತನಕ ದಾವಣಗೆರೆ ಕಾಯಬೇಕಾಗಿಲ್ಲ.

ಹೆಸರು ಹೋದವರಿಗೂ ಅರ್ಜಿ ತಿರಸ್ಕೃತವಾದವರಿಗೂ ಒಂದು ಮಾತು. ನೋಂದಣಾಧಿಕಾರಿಯ ಆದೇಶದಿಂದ 15 ದಿನಗಳೊಳಗೆ ಜಿಲ್ಲಾಧಿಕಾರಿಗಳಿಗೆ ಮೇಲ್ಮನವಿ ಹಾಕಬಹುದು. ಅಲ್ಲೂ ಆಗದಿದ್ದರೆ 30 ದಿನಗಳೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳಿಗೆ. ಮೇಲ್ಮನವಿಗೆ ಆದೇಶದ ಪ್ರತಿ ಬೇಕು, ಆದ್ದರಿಂದ 'ಆಗಲ್ಲ ಹೋಗಿ' ಎಂಬ ಬಾಯಿಮಾತಿಗೆ ಸುಮ್ಮನಾಗಬೇಡಿ, ಬರಹದಲ್ಲಿ ಕೇಳಿ. ಅರ್ಜಿಯ ಉಲ್ಲೇಖ ಸಂಖ್ಯೆಯನ್ನು ಫೋಟೊ ತೆಗೆದಿಟ್ಟುಕೊಳ್ಳಿ. ಬೂತಿಗೆ ಹೋದಾಗ ನಿಮ್ಮ ಹೆಸರಿನಲ್ಲಿ ಬೇರೆ ಯಾರೋ ಆಗಲೇ ಓಟು ಹಾಕಿದ್ದರೆ ಜಗಳವಾಡಿ ಹಿಂದಿರುಗಬೇಡಿ: ನಿಮ್ಮ ಗುರುತು ಸಾಬೀತಾದರೆ ಟೆಂಡರ್ ಮತಪತ್ರ ಕೊಡಲೇಬೇಕು. ಅದು ಸಾಮಾನ್ಯ ಎಣಿಕೆಗೆ ಸೇರುವುದಿಲ್ಲ, ಲಕೋಟೆಯಲ್ಲಿ ಮುಚ್ಚಿಟ್ಟಿರುತ್ತಾರೆ. ಗೆಲುವಿನ ಅಂತರ ಕಡಿಮೆಯಾಗಿ ವಿಷಯ ಕೋರ್ಟಿಗೆ ಹೋದರೆ ಬೆಲೆ ಬರುವುದು ಅದಕ್ಕೇ.

ಹರಪನಹಳ್ಳಿಯವರ ಗೊಂದಲವನ್ನೂ ಹೇಳಿಬಿಡಬೇಕು. ತಾಲ್ಲೂಕು ಈಗ ವಿಜಯನಗರ ಜಿಲ್ಲೆಯದು, ಲೋಕಸಭಾ ಕ್ಷೇತ್ರ ದಾವಣಗೆರೆಯದು. ಅವರು ಸಹಾಯವಾಣಿ 1950ಕ್ಕೆ ಕರೆ ಮಾಡಿದರೆ ಎರಡೂ ಕಡೆಯವರು 'ನಮಗೆ ಬರಲ್ಲ' ಎನ್ನದಂತೆ ಒಂದು ಸುತ್ತೋಲೆ ಇದ್ದರೆ ಒಳ್ಳೆಯದು.

ಕೊನೆಯದು ರಜೆ. 2024ರ ಲೋಕಸಭಾ ಚುನಾವಣೆಯಲ್ಲಿ ಚಿತ್ರದುರ್ಗ ಏಪ್ರಿಲ್ 26ರಂದು, ದಾವಣಗೆರೆ ಮೇ 7ರಂದು ಮತ ಹಾಕಿದವು. ಹೊಳಲ್ಕೆರೆಯಲ್ಲಿ ಹೆಸರಿದ್ದು ದಾವಣಗೆರೆಯ ಮಂಡಿಯಲ್ಲಿ ದುಡಿಯುವ ಹಮಾಲಿಗೆ ರಜೆ ಬೇಕಾದದ್ದು ಏಪ್ರಿಲ್ 26ಕ್ಕೆ. ಅವನು ದುಡಿಯುವ ಊರಿಗೆ ರಜೆ ಇದ್ದದ್ದು ಮೇ 7ಕ್ಕೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಕಲಮಿನಡಿ ಸಂಬಳಸಹಿತ ರಜೆ ಸಿಗುವುದು ಮತದಾರನಿಗೆ, ಅವನ ಕ್ಷೇತ್ರದ ಮತದಾನದ ದಿನ. ಕೆಲಸ ಮಾಡುವ ಊರಿನಲ್ಲಿ ಅಂದು ಮತದಾನ ಇಲ್ಲದಿದ್ದರೂ. ದಿನಗೂಲಿಯವರಿಗೂ ಇದು ಅನ್ವಯಿಸುತ್ತದೆ. ತಪ್ಪಿದ ಮಾಲೀಕರಿಗೆ ದಂಡ 500 ರೂಪಾಯಿವರೆಗೆ ಮಾತ್ರ, ಆದ್ದರಿಂದ ಯಾರೂ ಹೆದರುವುದಿಲ್ಲ, ಹೆಚ್ಚಿನವರಿಗೆ ಗೊತ್ತೂ ಇಲ್ಲ. ಕೆನಡಾದಲ್ಲಿ ಮತದಾನದ ಹೊತ್ತಿನೊಳಗೆ ಸತತ ಮೂರು ಗಂಟೆ ಬಿಡುವು ಕೊಟ್ಟರೆ ಸಾಕು, ಏಕೆಂದರೆ ಬೂತು ಪಕ್ಕದಲ್ಲೇ ಇರುತ್ತದೆ. ಗುಳೆ ಹೋದ ನಮ್ಮವರಿಗೆ ಬಸ್ಸಿನಲ್ಲೇ ಅರ್ಧ ದಿನ ಹೋಗುತ್ತದೆ. ದೂರದ ಊರಿನಿಂದಲೇ ಮತ ಹಾಕಿಸುವ, ಒಂದೇ ಬೂತಿನಿಂದ 72 ಕ್ಷೇತ್ರಗಳನ್ನು ನಿಭಾಯಿಸಬಲ್ಲ ಯಂತ್ರದ ಮಾದರಿಯನ್ನು ಚುನಾವಣಾ ಆಯೋಗ 2023ರ ಜನವರಿಯಲ್ಲಿ ಪಕ್ಷಗಳ ಮುಂದಿಟ್ಟಿತು, ಅದು ಬಳಕೆಗೆ ಬರಲಿಲ್ಲ. ಅಂಥದ್ದು ಬರುವವರೆಗೆ ಎಪಿಎಂಸಿ ವರ್ತಕರು, ಗಾರ್ಮೆಂಟ್ಸ್, ಇಟ್ಟಿಗೆ ಭಟ್ಟಿ, ಕಟ್ಟಡ ಗುತ್ತಿಗೆದಾರರಿಗೆ ಕಾರ್ಮಿಕ ಇಲಾಖೆಯ ಮೂಲಕ ತಿಳಿವಳಿಕೆ ಪತ್ರ ಕಳಿಸಿ. ಅದರಲ್ಲಿ ಎರಡೂ ಜಿಲ್ಲೆಗಳ ಮತದಾನದ ದಿನಾಂಕ ಇರಲಿ, ದಿನಾಂಕ ಘೋಷಣೆಯಾದ ವಾರದಲ್ಲೇ ಅದು ಹೋಗಲಿ. ಮತದಾನದ ಹಿಂದಿನ ದಿನ ಹೊರಡುವ ಆದೇಶ ದುಡಿಯುವವರ ಕೈಗೆ ತಲುಪುವುದಿಲ್ಲ.

ನಾಲ್ಕು ಅರ್ಹತಾ ದಿನಾಂಕಗಳಲ್ಲಿ ಮುಂದೆ ಬರುವುದು ಯಾವುದಿದೆಯೋ ಅದಕ್ಕೆ ಒಂದು ತಿಂಗಳು ಇರುವಾಗ ಕಾಲೇಜು ಶಿಬಿರಗಳನ್ನೂ ಸಂಜೆಯ ಪರಿಶೀಲನೆಯನ್ನೂ ಶುರುಮಾಡಿಸಬೇಕೆಂದು, ತೆಗೆದ ಹೆಸರುಗಳ ಮೊದಲ ಪಟ್ಟಿಯನ್ನು ಅದಕ್ಕೂ ಮುಂಚೆ ಪ್ರಕಟಿಸಬೇಕೆಂದು ವಿನಂತಿ.

ಇಂತಿ,
ಮತದಾರರ ಪಟ್ಟಿಯ ಕೆಲಸ ಬಲ್ಲ ದಾವಣಗೆರೆ ಮತ್ತು ಚಿತ್ರದುರ್ಗದ ಕೆಲವು ನಾಗರಿಕರು